ಹವ್ಯಾಸಿ ರೇಡಿಯೋ ಉಪಗ್ರಹಗಳ ಆಯುರ್ಮಾನ

ಉಪಗ್ರಹವೊಂದು ಕಕ್ಷೆಯಲ್ಲಿ ಉಳಿಯುವ ಕಾಲ ಬೇರೆ, ಅದು ಮಾತನಾಡುವ ಕಾಲ ಬೇರೆ. ಹವ್ಯಾಸಿ ರೇಡಿಯೋದವರ ಉಪಗ್ರಹಗಳಲ್ಲಿ ಈ ಭೇದವು ಸ್ಪಷ್ಟವಾಗಿ ಗೋಚರಿಸುತ್ತದೆ. 1961ರ ಡಿಸೆಂಬರ್ 12ರಂದು ಅಮೆರಿಕೆಯಿಂದ ಮೇಲೇರಿದ ಮೊದಲ ‘ಆಸ್ಕರ್’ಗೆ ಸೌರಫಲಕಗಳೇ ಇರಲಿಲ್ಲ, ಬುತ್ತಿ ಕಟ್ಟಿಕೊಂಡು ಹೊರಟ ಪಯಣಿಗನಂತೆ, ಬ್ಯಾಟರಿ ತೀರುವವರೆಗೆ ಸುಮಾರು ಮೂರು ವಾರ ಸಂಕೇತವನ್ನಿತ್ತು ಸುಮ್ಮನಾಯಿತು.

ಭಾರತದ ‘ಹ್ಯಾಮ್‌ಸ್ಯಾಟ್’ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಕಾರ್ಟೋಸ್ಯಾಟ್-1ರ ಜೊತೆಗೆ ಗಗನಕ್ಕೇರಿತು. ಅದರ ತೂಕ 42.5 ಕಿಲೋಗ್ರಾಂ, ನಿಯೋಜಿತ ಆಯುಷ್ಯ ಎರಡೇ ವರ್ಷ. ಧ್ರುವಗಳ ಬಳಿ ಹಾಯುವ ಕಕ್ಷೆಯಾದುದರಿಂದ ಮಲಪ್ರಭೆಯ ದಡದ ಮುನವಳ್ಳಿಯ ಬಾನಿನಲ್ಲಿಯೂ ಅದು ದಿನಕ್ಕೆ ಹಲವು ಬಾರಿ ಸಂಚರಿಸುತ್ತಿತ್ತು. ಪರವಾನಗಿ ಪಡೆದ ಹವ್ಯಾಸಿಯು ಅದರ ಮೂಲಕ ದೂರದವರೊಡನೆ ಸಂಭಾಷಿಸಬಹುದಾಗಿತ್ತು. ಭೂಮಿಯನ್ನೊಮ್ಮೆ ಸುತ್ತಲು ಅದಕ್ಕೆ ಸುಮಾರು 97 ನಿಮಿಷ ಬೇಕು. ಪ್ರತಿ ಸುತ್ತಿನಲ್ಲಿಯೂ ಬಿಸಿಲಿನಲ್ಲಿ ಬ್ಯಾಟರಿ ತುಂಬಿಕೊಳ್ಳಬೇಕು. ಭೂಮಿಯ ನೆರಳಿನಲ್ಲಿ ಅದನ್ನು ವ್ಯಯಿಸಬೇಕು. ದಿನಕ್ಕೆ ಸುಮಾರು 15ರಂತೆ ಎಣಿಸಿದರೆ ಒಂಬತ್ತು ವರ್ಷಗಳಲ್ಲಿ 49,000 ಸಲ! ಅಷ್ಟು ದುಡಿದ ಬಳಿಕ, 2014ರ ಜುಲೈ 11ರಂದು, ಅದರ ಲಿಥಿಯಂ-ಅಯಾನ್ ಬ್ಯಾಟರಿ ಸೋತಿತು. ನಿಯೋಜಿತ ಅವಧಿಯ ನಾಲ್ಕು ಪಟ್ಟಿಗೂ ಮಿಗಿಲಾದ ಈ ಸೇವೆ ಶ್ಲಾಘನೀಯವೇ ಸರಿ.

ಇದಕ್ಕಿಂತಲೂ ವಿಲಕ್ಷಣವಾದುದು ‘ಆಸ್ಕರ್-7’ರ ವೃತ್ತಾಂತ. 1974ರ ನವೆಂಬರ್ 15ರಂದು ಹಾರಿದ ಅದು 1981ರಲ್ಲಿ ಬ್ಯಾಟರಿ ಶಾರ್ಟ್ ಆಗಿ ಮೌನ ತಾಳಿತು. ಆದರೆ 2002ರ ಜೂನ್ 21ರಂದು ಅದರ ದನಿ ಮತ್ತೆ ಕೇಳಿಬಂದಿತು! ಬ್ಯಾಟರಿಯೊಳಗಿನ ಆ ಶಾರ್ಟ್ ತಾನಾಗಿ ಕಡಿದುಹೋಗಿ, ಸೌರಫಲಕಗಳ ವಿದ್ಯುತ್ತು ನೇರವಾಗಿ ಯಂತ್ರಕ್ಕೆ ಹರಿಯತೊಡಗಿತೆಂಬುದು ತಜ್ಞರ ಅಭಿಮತ. ಪುನರ್ಜನ್ಮವೆನ್ನುವುದು ಅತಿಶಯೋಕ್ತಿ, ದೀರ್ಘನಿದ್ರೆಯೆಂದರೆ ಸಾಕು. ಅಂದಿನಿಂದ ಅದಕ್ಕೆ ಬಿಸಿಲಿದ್ದಾಗ ಮಾತು, ನೆರಳಿಗೆ ಸರಿದಾಗ ಮೌನ.