ಬಿಸಿಲನ್ನು ನಂಬಿ ಬದುಕು ಕಟ್ಟುವವರಿಗೆ ಒಂಬತ್ತು ಸೂತ್ರಗಳು

ಮೈಸೂರಿನ ಕಾಲೇಜುಗಳಿಂದ ವರ್ಷವರ್ಷವೂ ಸಾವಿರಾರು ಮಂದಿ ಎಂಜಿನಿಯರಿಂಗ್ ಮುಗಿಸಿ ಹೊರಬರುತ್ತಾರೆ. ಬಹುಪಾಲು ಮಂದಿ ಸಾಫ್ಟ್‌ವೇರ್ ಕೆಲಸ ಹುಡುಕಿಕೊಂಡು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಅವರಲ್ಲಿ ಕೆಲವರಾದರೂ ಸೋಲಾರ್, ಬ್ಯಾಟರಿ, ಬಯೋಗ್ಯಾಸ್ ಕಡೆಗೆ ತಿರುಗಿ ಸ್ವಂತ ಉದ್ಯಮ ಕಟ್ಟಬೇಕು. ಅದಕ್ಕೆ ಬೇಕಾದ ಪಾಠ ನಮ್ಮ ನಾಡಿನಲ್ಲೇ ಇದೆ. ಶುದ್ಧ ಇಂಧನದಲ್ಲಿ ನೆಲೆ ನಿಂತವರನ್ನು ನೋಡಿದರೆ ಒಂದು ಮಾತು ಖಚಿತ: ಯಂತ್ರವನ್ನು ಅರಿತರೆ ಸಾಲದು, ಅದನ್ನು ಬಳಸುವವರ ದುಡಿಮೆ, ಸಾಲ, ದಿನಚರಿಯನ್ನು ಅದಕ್ಕಿಂತ ಮೊದಲು ಅರಿಯಬೇಕು. ಆ ಅರಿವನ್ನು ಕೆಲಸಕ್ಕೆ ಹಚ್ಚುವ ಬಗೆ ಹೀಗಿದೆ.

1. ಕೊಳ್ಳುವವರನ್ನು ಮೊದಲು ಗೊತ್ತುಮಾಡಿಕೊಳ್ಳಿ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರ ಜೂನ್‌ನಲ್ಲಿ ಶುರುವಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸಂಸ್ಥಾನ ಆ ಸಾಹಸಕ್ಕೆ ಕೈಹಾಕಿದಾಗ ಊರಿನಲ್ಲಿ ಕರೆಂಟು ಕೇಳುವವರೇ ಇರಲಿಲ್ಲ. ಆದರೆ ಕೋಲಾರದ ಚಿನ್ನದ ಗಣಿಗಳಿಗೆ ಅದು ಬೇಕಾಗಿತ್ತು. ಗಣಿ ಕಂಪನಿಯೊಂದಿಗೆ ಮೊದಲೇ ಒಪ್ಪಂದವಾಯಿತು, ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದದ್ದು ಆ ಧೈರ್ಯದ ಮೇಲೆ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ ಅದರ ನಂತರ. ನೀವೂ ಹಾಗೆಯೇ ಮಾಡಿ: ಬಿಲ್ ಕಟ್ಟಬಲ್ಲ ಒಬ್ಬ ಖಾತ್ರಿ ಗಿರಾಕಿ ಸಿಕ್ಕಿದ ಮೇಲೆ ಮಾಲು ತರಿಸಿ.

2. ಪ್ರಯೋಗಾಲಯದಿಂದ ಎದ್ದು ಹಳ್ಳಿಗೆ ಹೋಗಿ

ಉಡುಪಿ ಜಿಲ್ಲೆಯ ಹಂದಟ್ಟಿನಲ್ಲಿ ಹುಟ್ಟಿ ಒಡಿಶಾದ ರೂರ್ಕೆಲಾದಲ್ಲಿ ಬೆಳೆದ ಹರೀಶ್ ಹಂದೆ ಖರಗ್‌ಪುರದ ಐಐಟಿಯಲ್ಲಿ ಓದಿದವರು. ಹೆಚ್ಚಿನ ಓದಿಗೆ ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಹೋದಾಗ ಅವರ ಗಮನವೆಲ್ಲ ದೊಡ್ಡ ಸೌರ ಸ್ಥಾವರಗಳ ಮೇಲಿತ್ತು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಬಡವರು ತಮ್ಮ ಕೈಯಿಂದ ದುಡ್ಡು ಕೊಟ್ಟು ಸೋಲಾರ್ ದೀಪ ಹಾಕಿಸಿಕೊಂಡದ್ದನ್ನು ಕಂಡ ಮೇಲೆ ಅವರ ಅಧ್ಯಯನದ ದಿಕ್ಕೇ ಬದಲಾಯಿತು. ಶ್ರೀಲಂಕಾದ ಕರೆಂಟಿಲ್ಲದ ಹಳ್ಳಿಯಲ್ಲಿ ಉಳಿದು ಜನರ ಬದುಕನ್ನು ಹತ್ತಿರದಿಂದ ನೋಡಿದರು. ಅವರು ಸೇರಿ ಕಟ್ಟಿದ ಸೋಲಾರ್ ಕಂಪನಿ ಸೆಲ್ಕೋ 1995ರಲ್ಲಿ ಹುಟ್ಟಿದ್ದು ಈ ತಿಳಿವಳಿಕೆಯಿಂದ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಿಮ್ಮ ಪ್ರಾಜೆಕ್ಟ್ ವರದಿ ಬರೆಯುವ ಮುಂಚೆ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಲ್ಲೋ ನಂಜನಗೂಡು ಕಡೆಯ ಊರಿನಲ್ಲೋ ನಾಲ್ಕಾರು ರಾತ್ರಿ ಕಳೆಯಿರಿ. ದೀಪ ಎಲ್ಲಿ ಬೇಕು, ಅಡುಗೆ ಒಲೆಯ ಪಕ್ಕದಲ್ಲೋ ಕೊಟ್ಟಿಗೆಯಲ್ಲೋ ಎಂಬುದನ್ನು ಆ ಮನೆಯ ಹೆಂಗಸರೇ ಹೇಳುತ್ತಾರೆ.

3. ಕಂತು ಗಳಿಕೆಗೆ ಹೊಂದುವಂತಿರಲಿ

ಬೀದಿ ವ್ಯಾಪಾರದ ಹೆಂಗಸೊಬ್ಬಳಿಂದ ತಾವು ಕಲಿತ ಪಾಠವನ್ನು ಹಂದೆ ಹಲವು ಕಡೆ ಹೇಳಿದ್ದಾರೆ. ತಿಂಗಳಿಗೆ ಮುನ್ನೂರು ರೂಪಾಯಿ ಎಂದರೆ ಆಕೆಗೆ ಭಾರ, ದಿನಕ್ಕೆ ಹತ್ತು ರೂಪಾಯಿ ಎಂದರೆ ಆಗಬಹುದು. ಲೆಕ್ಕ ಎರಡೂ ಒಂದೇ, ಆದರೆ ದುಡ್ಡು ಕೈಗೆ ಬರುವ ರೀತಿ ಬೇರೆ. ದೇವರಾಜ ಮಾರುಕಟ್ಟೆಯ ಹೂವಿನವರಿಗೆ ದಿನದ ಕೊನೆಗೆ ಕಾಸು ಕಾಣುತ್ತದೆ. ಹಾಲು ಹಾಕುವವರಿಗೆ ಡೇರಿ ಬಟವಾಡೆಯ ದಿನ, ರೇಷ್ಮೆ ಬೆಳೆಗಾರರಿಗೆ ಗೂಡು ಮಾರಿದಾಗ, ಭತ್ತದವರಿಗೆ ಕೊಯ್ಲಾದ ಮೇಲೆ. ಎಲ್ಲರಿಗೂ ತಿಂಗಳ ಐದನೇ ತಾರೀಖಿನ ಇಎಂಐ ಹೇರಿದರೆ ಒಳ್ಳೆಯ ಗಿರಾಕಿಯೂ ಬಾಕಿದಾರ ಆಗುತ್ತಾನೆ. ಸೆಲ್ಕೋ ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳನ್ನು ಒಪ್ಪಿಸಿ ಸೋಲಾರ್‌ಗೆ ಸಾಲ ಕೊಡಿಸಿದ್ದರಿಂದಲೇ ಬಡವರ ಮನೆಗೆ ದೀಪ ಬಂತು. ಪ್ಯಾನೆಲ್ ವಿವರದಷ್ಟೇ ಚೆನ್ನಾಗಿ ಬ್ಯಾಂಕಿನ ಅರ್ಜಿಯನ್ನೂ ತುಂಬಲು ಕಲಿಯಿರಿ.

4. ಮಾರಿದ ಮೇಲೆ ಕೆಲಸ ಶುರು ಎಂದು ತಿಳಿಯಿರಿ

ಪ್ಯಾನೆಲ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಕೈಕೊಡುವುದು ಬೇರೆಬೇರೆ ಸಣ್ಣ ಭಾಗಗಳು. ಲೆಡ್ ಆಸಿಡ್ ಬ್ಯಾಟರಿಗೆ ಹೊತ್ತಿಗೆ ಸರಿಯಾಗಿ ಡಿಸ್ಟಿಲ್ಡ್ ವಾಟರ್ ಹಾಕದಿದ್ದರೆ ಒಳಗಿನ ಪ್ಲೇಟುಗಳು ಒಣಗಿ ಅದರ ಆಯಸ್ಸು ಮುಗಿಯುತ್ತದೆ. ಬೋರ್‌ವೆಲ್ ನೀರು ಬಳಸುವ ಹೊಸ ಬಡಾವಣೆಗಳಲ್ಲಿ ಸೋಲಾರ್ ವಾಟರ್ ಹೀಟರಿನ ಕೊಳವೆಗಳಿಗೆ ಬಿಳಿಯ ಸುಣ್ಣದ ಪದರ ಕಟ್ಟಿ, ಬಿಸಿಲು ಎಷ್ಟಿದ್ದರೂ ನೀರು ಕಾಯುವುದಿಲ್ಲ. ಮನೆಯವರು ಅದಕ್ಕೆ ಸೋಲಾರನ್ನೇ ಬೈಯುತ್ತಾರೆ, ಆ ಬೈಗುಳ ಇಡೀ ಬೀದಿಗೆ ಹರಡುತ್ತದೆ. ಫೋನು ಮಾಡಿದ ಮರುದಿನ ಸ್ಪ್ಯಾನರ್ ಹಿಡಿದು ಬಾಗಿಲಿಗೆ ಬರುವ ಹುಡುಗನಿಗೆ ಜಾಹೀರಾತಿಗಿಂತ ಹೆಚ್ಚಿನ ಬೆಲೆ ಇದೆ. ಮೊದಲ ಸಂಬಳ ಅವನಿಗೆ ಕೊಡಿ.

5. ಸಬ್ಸಿಡಿ ತಿಳಿದಿರಲಿ, ಅದೇ ಆಧಾರವಾಗದಿರಲಿ

ಪಿಎಂ ಸೂರ್ಯಘರ್ ಯೋಜನೆ 2024ರಲ್ಲಿ ಬಂತು. ಅದರಲ್ಲಿ ಮನೆಗಳ ಮೂರು ಕಿಲೋವ್ಯಾಟಿನ ಚಾವಣಿ ಸೋಲಾರ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಜಾರಿಯಲ್ಲಿದ್ದು 200 ಯೂನಿಟ್ ಮಿತಿಯೊಳಗಿನ ಮನೆಗಳಿಗೆ ಕರೆಂಟು ಉಚಿತ. ಹಾಗಾಗಿ ಸೊನ್ನೆ ಬಿಲ್ ಬರುವ ಮನೆಗೆ ಹೋಗಿ ಉಳಿತಾಯದ ಮಾತಾಡಿದರೆ ಕೆಲಸ ಆಗದು. ಕಲ್ಯಾಣ ಮಂಟಪ, ಹಾಸ್ಟೆಲ್, ಬೇಕರಿ, ಹೆಬ್ಬಾಳ ಮೇಟಗಳ್ಳಿಯ ಸಣ್ಣ ಕಾರ್ಖಾನೆಗಳು, ಹೆಚ್ಚು ಯೂನಿಟ್ ಸುಡುವ ದೊಡ್ಡ ಮನೆಗಳು ನಿಮ್ಮ ಗಿರಾಕಿಗಳು. ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಎಂದು ಹಿಡಿದು, ಅವರ ಸೆಸ್ಕ್ ಕರೆಂಟ್ ಬಿಲ್ಲನ್ನು ಮುಂದಿಟ್ಟುಕೊಂಡು ಅವರೆದುರೇ ಲೆಕ್ಕ ಹಾಕಿ. ಸಬ್ಸಿಡಿ ನಾಳೆ ನಿಂತರೂ ಆ ಲೆಕ್ಕ ನಿಲ್ಲುವಂತಿರಬೇಕು.

6. ಬೆಳಕಿನಿಂದ ದುಡಿಮೆಯ ಕಡೆಗೆ ನಡೆಯಿರಿ

ದೀಪ ಖರ್ಚು ಉಳಿಸುತ್ತದೆ, ಯಂತ್ರ ಗಳಿಕೆ ಹೆಚ್ಚಿಸುತ್ತದೆ. ಸೆಲ್ಕೋ ಈ ಕಾರಣಕ್ಕೇ ಹೊಲಿಗೆ ಯಂತ್ರ, ರೊಟ್ಟಿ ಮಾಡುವ ಯಂತ್ರ, ಕಮ್ಮಾರನ ಕುಲುಮೆಗೆ ಗಾಳಿ ಊದುವ ಬ್ಲೋವರ್ ಇವನ್ನೆಲ್ಲ ಸೋಲಾರ್‌ನಿಂದ ಓಡಿಸುವ ಕೆಲಸಕ್ಕೆ ಇಳಿಯಿತು. ತಿದಿ ಒತ್ತಲು ಕುಳಿತಿದ್ದವರು ಬ್ಲೋವರ್ ಬಂದ ಮೇಲೆ ಬೇರೆ ಕೆಲಸಕ್ಕೆ ಕೈಹಾಕಬಹುದು. ಆದಾಯ ಹೆಚ್ಚಿದರೆ ಕಂತು ತಾನಾಗಿ ಬರುತ್ತದೆ.

7. ಜಮೀನು ಕೊಟ್ಟವರನ್ನು ಪಾಲುದಾರರೆಂದು ನೋಡಿ

ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅಲ್ಲಿ ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಭೂಮಿಯ ಒಡೆತನ ರೈತರಲ್ಲೇ ಉಳಿಯಿತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತರಿಗೆ ಗುತ್ತಿಗೆ ಹಣವಿಲ್ಲ. ದೊಡ್ಡ ಯೋಜನೆ ಮಾಡುವವರು ಆ ಕೂಲಿಯವರ ಹೆಸರನ್ನೂ ಮೊದಲ ದಿನವೇ ಪಟ್ಟಿಗೆ ಸೇರಿಸಿಕೊಳ್ಳಬೇಕು.

8. ಬಿದ್ದ ಕಂಪನಿಗಳ ಕಥೆಯನ್ನೂ ಓದಿ

ಕರ್ನಾಟಕದಲ್ಲಿ ಹುಟ್ಟಿದ ಗುರುರಾಜ ದೇಶಪಾಂಡೆ ಅಮೆರಿಕದಲ್ಲಿ ಕ್ಯಾಸ್ಕೇಡ್, ಸೈಕಮೋರ್‌ನಂಥ ಕಂಪನಿಗಳನ್ನು ಕಟ್ಟಿ ಹೆಸರಾದವರು. ಲಿಥಿಯಂ ಬ್ಯಾಟರಿ ಮಾಡುವ ಎ123 ಸಿಸ್ಟಮ್ಸ್‌ನ ಅಧ್ಯಕ್ಷರೂ ಆಗಿದ್ದರು. ಆ ಕಂಪನಿ 2009ರಲ್ಲಿ ಷೇರುಪೇಟೆಗೆ ಬಂತು, 2012ರಲ್ಲಿ ದಿವಾಳಿಯಾಯಿತು. ತಂತ್ರಜ್ಞಾನ ಉತ್ತಮವಾಗಿತ್ತು. ಆದರೆ ಕಾರ್ಖಾನೆಗೆ ಸುರಿದ ಹಣಕ್ಕೆ ತಕ್ಕಷ್ಟು ಎಲೆಕ್ಟ್ರಿಕ್ ಕಾರುಗಳು ಆಗ ಮಾರಾಟವಾಗಲಿಲ್ಲ, ದೋಷವಿದ್ದ ಬ್ಯಾಟರಿಗಳನ್ನು ಬದಲಿಸುವ ಖರ್ಚೂ ಮೇಲೆ ಬಿತ್ತು. ಸೆಲ್ಕೋ ಕೂಡ 2005ರ ಆಸುಪಾಸಿನಲ್ಲಿ, ಜರ್ಮನಿಯ ಬೇಡಿಕೆಯಿಂದ ಪ್ಯಾನೆಲ್ ಬೆಲೆ ಏರಿದಾಗ ಕಷ್ಟಕ್ಕೆ ಸಿಕ್ಕಿ, ಹೊಸ ಹೂಡಿಕೆದಾರರ ನೆರವಿನಿಂದ ಮತ್ತೆ ನಿಂತಿತು. ಮಾಲಿನ ಬೆಲೆ ಏರಿದರೆ, ಆರ್ಡರ್ ಅರ್ಧಕ್ಕೆ ಇಳಿದರೆ ಎಷ್ಟು ತಿಂಗಳು ತಡೆದುಕೊಳ್ಳಬಲ್ಲಿರಿ? ಈ ಉತ್ತರ ಕಾಗದದ ಮೇಲೆ ಇರಲಿ.

9. ಗುರುವನ್ನು ಹುಡುಕಿ, ಬೇಗ ಗುರುವೂ ಆಗಿ

ದೇಶಪಾಂಡೆ ದಂಪತಿಯ ಕೊಡುಗೆಯಿಂದ 2002ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅವರ ಹೆಸರಿನ ಕೇಂದ್ರ ಶುರುವಾಯಿತು. ಪ್ರಯೋಗಾಲಯದ ಸಂಶೋಧನೆ ಮಾರುಕಟ್ಟೆ ತಲುಪುವಂತೆ ಹಣದ ಜತೆ ಅನುಭವಿಗಳ ಮಾರ್ಗದರ್ಶನವನ್ನೂ ಕೊಡುವುದು ಅದರ ಪದ್ಧತಿ. ಹುಬ್ಬಳ್ಳಿಯಲ್ಲೂ ಅವರ ಪ್ರತಿಷ್ಠಾನ ಹೊಸ ಉದ್ಯಮಿಗಳನ್ನು ಬೆಳೆಸುತ್ತಿದೆ. ಮೈಸೂರಿನವರು ಬಹಳ ದೂರ ಹೋಗಬೇಕಾಗಿಲ್ಲ. ಎಸ್‌ಜೆಸಿಇ ಕಾಲೇಜಿನ ಆವರಣದ ಉದ್ಯಮ ಪೋಷಣಾ ಕೇಂದ್ರ ಸ್ಟೆಪ್‌ನಲ್ಲಿ ಹೊಸ ಕಂಪನಿಗಳಿಗೆ ಜಾಗವಿದೆ, ಎನ್‌ಐಇ ಕಾಲೇಜಿನ ಕ್ರೆಸ್ಟ್ ಕೇಂದ್ರದಲ್ಲಿ ಬಯೋಗ್ಯಾಸ್ ಮತ್ತು ನವೀಕರಿಸಬಹುದಾದ ಇಂಧನದ ಅನುಭವವಿದೆ. ಹಿರಿಯರ ಬಳಿ ಹೋಗುವಾಗ "ಸಲಹೆ ಕೊಡಿ ಸರ್" ಎಂದಷ್ಟೇ ಕೇಳಬೇಡಿ. ನಿಮ್ಮ ಲೆಕ್ಕದ ಹಾಳೆ ತೋರಿಸಿ, ಎಲ್ಲಿ ತಪ್ಪಿದೆ ಎಂದು ಕೇಳಿ. ನಿಮ್ಮ ಮೊದಲ ಹತ್ತು ಗಿರಾಕಿಗಳ ವರ್ಷ ತುಂಬಿದ ಕೂಡಲೇ ಒಬ್ಬ ಐಟಿಐ ಹುಡುಗನನ್ನೋ ಹುಡುಗಿಯನ್ನೋ ಜತೆಗೆ ಕರೆದುಕೊಳ್ಳಿ. ವೈರಿಂಗ್ ಒಂದೇ ಸಾಲದು, ಬಿಲ್ ಬರೆಯುವುದು, ಬ್ಯಾಂಕಿಗೆ ಹೋಗುವುದು, ಸಿಟ್ಟಾದ ಗಿರಾಕಿಯೊಂದಿಗೆ ಮಾತಾಡುವುದು ಇವನ್ನೂ ಕಲಿಸಿ. ನಾಳೆ ಅವರು ಪಿರಿಯಾಪಟ್ಟಣದಲ್ಲೋ ಕೊಳ್ಳೇಗಾಲದಲ್ಲೋ ಸ್ವಂತ ಅಂಗಡಿ ತೆರೆದರೆ ಅದನ್ನು ನಿಮ್ಮ ನಷ್ಟವೆಂದು ಎಣಿಸಬೇಡಿ. ಒಂದು ಜಿಲ್ಲೆಯ ಚಾವಣಿಗಳನ್ನೆಲ್ಲ ಒಂದೇ ಕಂಪನಿ ನೋಡಿಕೊಳ್ಳಲಾರದು.

ಈ ಒಂಬತ್ತರಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಡ. ಈ ವಾರವೇ ನಿಮ್ಮ ಬೀದಿಯ ಒಂದು ಬೇಕರಿ ಅಥವಾ ಹಿಟ್ಟಿನ ಗಿರಣಿಗೆ ಹೋಗಿ, ಹನ್ನೆರಡು ತಿಂಗಳ ಕರೆಂಟ್ ಬಿಲ್ ಕೇಳಿ ಪಡೆಯಿರಿ. ಯಾವ ಹೊತ್ತಿನಲ್ಲಿ ಯಂತ್ರ ಓಡುತ್ತದೆ, ಯಾವ ದಿನ ದುಡ್ಡು ಬರುತ್ತದೆ ಎಂದು ಬರೆದುಕೊಳ್ಳಿ. ನಿಮ್ಮ ಉದ್ಯಮದ ಮೊದಲ ಪುಟ ಅದೇ ಆಗಲಿ.