ಕೋಡಿ ಬೀಳದ ಹಾಗೆ ಡೀಸೆಲ್ ತುಂಬಿಸುವುದು ಹೇಗೆ?

ಕ್ಯಾರವಾನ್ ಅಂದ್ರೆ ಚಕ್ರದ ಮೇಲಿನ ಮನೆ. ಹಾಸಿಗೆ, ಗ್ಯಾಸ್ ಒಲೆ, ಫ್ರಿಜ್ಜು, ಕೆಲವದರಲ್ಲಿ ಜನರೇಟರ್ ಕೂಡ ಇರುತ್ತೆ. ನಮ್ಮ ಕರಾವಳಿಗೆ ಇಂಥ ಸಂಸಾರ ಹೊಸದಲ್ಲ. ಯಕ್ಷಗಾನದ ಡೇರೆ ಮೇಳಗಳು ತಿರುಗಾಟದ ಕಾಲದಲ್ಲಿ ಪತ್ತನಾಜೆಯ ತನಕ ರಂಗಸ್ಥಳವನ್ನೇ ಲಾರಿಗೆ ಹೇರಿಕೊಂಡು ಊರೂರು ಸುತ್ತುತ್ತವೆ. ಸೆಮಿಸ್ಟರ್ ಮುಗಿದ ಮೇಲೆ ನಾವು ಹತ್ತು ಜನ ಸೇರಿ ದೊಡ್ಡ ಗಾಡಿ ಬಾಡಿಗೆಗೆ ತಗೊಂಡು ಕುಂದಾಪುರದ ಕೋಡಿ ಕಡಲತೀರಕ್ಕೆ ಹೊರಟೆವು ಅಂತಿಟ್ಟುಕೊಳ್ಳೋಣ. ಟ್ಯಾಂಕು 300 ಲೀಟರ್. ಬಂಕಿನಲ್ಲಿ ನಮಗೆ ಯಾವ ಯಾವ ಪಾಠ ಉಪಯೋಗಕ್ಕೆ ಬರುತ್ತೆ, ನೋಡೋಣ.

1. ಎಲ್ಲಿ ನಿಲ್ಲಿಸಬೇಕು?

ಕೋಡಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಇಕ್ಕಟ್ಟಿನ ಪಟ್ಟಿ. ಅಲ್ಲಿ ದೊಡ್ಡ ಗಾಡಿ ತಿರುಗಿಸೋದು ಕಷ್ಟ. ಹಾಗಾಗಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇರುವಾಗಲೇ ತುಂಬಿಸಿಕೊಳ್ಳಬೇಕು. ಲಾರಿಗಳು ನಿಂತಿರುವ ಬಂಕು ನೋಡಿ. ಲಾರಿ ಹೋಗಿ ಬರುವ ಕಡೆ ನಮ್ಮ ಗಾಡಿಯೂ ಹೋಗಿ ಬರುತ್ತೆ. ಚಾವಣಿಯ ಎತ್ತರ ನೋಡುವಾಗ ಗಾಡಿಯ ಮೇಲಿನ ಎಸಿಯನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೊರಡುವಾಗ ಇನ್ನೊಂದು ಅಪಾಯ ಇದೆ. ಹಿಂದಿನ ಚಕ್ರದಿಂದಾಚೆಗೆ ಉಳಿಯುವ ಬಾಡಿ, ಗಾಡಿ ಎಡಕ್ಕೆ ತಿರುಗಿದಾಗ ಬಲಕ್ಕೆ ಬೀಸುತ್ತೆ. ಬಲಗಡೆ ಪಂಪು ಇದ್ದರೆ ಕೆಟ್ಟಿತು. ಮೊದಲು ಸ್ವಲ್ಪ ದೂರ ನೇರ ಹೋಗಿ, ಆಮೇಲೆ ತಿರುಗಿಸಿ. ಒಬ್ಬರು ಕೆಳಗಿಳಿದು ಹಿಂಭಾಗ ನೋಡುತ್ತಿರಲಿ.

2. ಪಂಪಿನ ತಾಕತ್ತು

ನಿಮಿಷಕ್ಕೆ 40 ಲೀಟರ್ ಹರಿಯುವ ಪಂಪಿನಲ್ಲಿ 300 ಲೀಟರಿಗೆ ಏಳೂವರೆ ನಿಮಿಷ ಬೇಕು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದೆ. ಲೆಕ್ಕ ಹಾಕಿದರೆ, ಆ ನಾಜಲ್ ಮೂಲಕ 24 ಮೆಗಾವ್ಯಾಟ್ ದರದಲ್ಲಿ ಶಕ್ತಿ ಹರಿಯುತ್ತಿದೆ! 60 ಕಿಲೋವ್ಯಾಟಿನ ಕಾರ್ ಚಾರ್ಜರಿಗೆ ಹೋಲಿಸಿದರೆ 400 ಪಟ್ಟು. ಅಷ್ಟು ಶಕ್ತಿ ಪಕ್ಕದಲ್ಲೇ ಹರಿಯುವಾಗ ಎಂಜಿನ್ ಜೊತೆಗೆ ಜನರೇಟರ್, ಗ್ಯಾಸ್ ಒಲೆ, ಗ್ಯಾಸಿನ ಫ್ರಿಜ್ಜು ಎಲ್ಲವೂ ಬಂದ್ ಆಗಿರಬೇಕು. ಡೀಸೆಲ್ ಅಲ್ವಾ, ಹೊತ್ತಿಕೊಳ್ಳಲ್ಲ ಅನ್ನಬೇಡಿ. ಪಕ್ಕದ ಬೈಕಿಗೆ ಪೆಟ್ರೋಲ್ ಹಾಕ್ತಿರ್ತಾರೆ.

ಅಮೆರಿಕದ ಟ್ರಕ್ ಸ್ಟಾಪುಗಳಲ್ಲಿ ಲಾರಿಗಳಿಗೆ ಇನ್ನೂ ರಭಸದ, ದಪ್ಪ ಮೂತಿಯ ನಾಜಲ್‌ಗಳಿರುತ್ತವೆ. ಲಾರಿಯ ಎರಡು ಬದಿಯ ಟ್ಯಾಂಕುಗಳನ್ನೂ ಒಟ್ಟಿಗೆ ತುಂಬಲು ಎರಡೂ ಕಡೆ ಪಂಪು. ಅಲ್ಲಿಗೆ ಕ್ಯಾರವಾನ್ ತಂದವರಿಗೆ ಕೆಲವೊಮ್ಮೆ ಆ ಮೂತಿ ತಮ್ಮ ಟ್ಯಾಂಕಿನ ಬಾಯಿಗೆ ಹಿಡಿಸೋದೇ ಇಲ್ಲ.

3. 'ಟಕ್' ಅನ್ನೋದು ಹೇಗೆ?

ಟ್ಯಾಂಕು ತುಂಬಿದಾಗ ನಾಜಲ್ ತಾನಾಗಿ ನಿಲ್ಲುತ್ತೆ. ಇದರಲ್ಲಿ ಸೆನ್ಸರ್ ಇಲ್ಲ, ಕರೆಂಟೂ ಇಲ್ಲ. ಇರೋದು ಮೊದಲ ವರ್ಷದ ವೆಂಚುರಿ ಪಾಠ. ಡೀಸೆಲ್ ಇಕ್ಕಟ್ಟಿನ ದಾರಿಯಲ್ಲಿ ವೇಗವಾಗಿ ಹರಿದಾಗ ಅಲ್ಲಿ ಒತ್ತಡ ಇಳಿಯುತ್ತೆ. ಮೂತಿಯ ತುದಿಯಲ್ಲಿರುವ ಸಣ್ಣ ರಂಧ್ರದಿಂದ ಅಲ್ಲಿಗೆ ಗಾಳಿ ಎಳೆಯಲ್ಪಡುತ್ತೆ. ಡೀಸೆಲ್ ಮೇಲೆ ಬಂದು ಆ ರಂಧ್ರ ಮುಚ್ಚಿದ ಕೂಡಲೇ ಗಾಳಿ ನಿಂತು, ನಿರ್ವಾತ ಹೆಚ್ಚಿ, ಒಳಗಿನ ಪೊರೆ ಎಳೆದುಕೊಂಡು ಕೊಂಡಿ ಬಿಡಿಸುತ್ತೆ.

ಆದರೆ ಡೀಸೆಲ್ ನೊರೆ ಬರುತ್ತೆ. ಆ ನೊರೆಯೂ ರಂಧ್ರ ಮುಚ್ಚಬಹುದು. ಹಾಗಾದರೆ ಈಗ 'ಟಕ್' ಅಂದಿದ್ದು ನೊರೆಗಾ, ತುಂಬಿದ್ದಕ್ಕಾ? ಗೊತ್ತಾಗಬೇಕಾದರೆ ನಾಜಲ್ ಎತ್ತುವ ಮೊದಲೇ ಲೆಕ್ಕ ಹಾಕಿರಬೇಕು. ಮುಳ್ಳು ಕಾಲು ಭಾಗ ತೋರಿಸುತ್ತಿದ್ದರೆ 300ರಲ್ಲಿ ಬೇಕಾಗೋದು ಸುಮಾರು 225 ಲೀಟರ್. ಮೀಟರ್ 90ರಲ್ಲಿ ಇರುವಾಗ ನಿಂತರೆ ಅದು ನೊರೆ. ಸ್ವಲ್ಪ ಕಾದು, ಹರಿವು ಕಡಿಮೆ ಮಾಡಿ ಮುಂದುವರಿಸಿ. 220ರ ಆಸುಪಾಸಿನಲ್ಲಿ ನಿಂತರೆ ತುಂಬಿದೆ, ಅಲ್ಲಿಗೆ ಬಿಟ್ಟುಬಿಡಿ.

4. ಇನ್ನೆರಡು ಲೀಟರ್ ಯಾಕೆ ಬೇಡ?

"ಅಣ್ಣ, ಕುತ್ತಿಗೆ ತನಕ ಹಾಕಿ" ಅನ್ನೋದು ನಮ್ಮಲ್ಲಿ ಅಭ್ಯಾಸ. ನೆಲದಡಿಯ ಟ್ಯಾಂಕಿನಿಂದ 28 ಡಿಗ್ರಿಯ ಡೀಸೆಲ್ ಬಂತು ಅಂತಿಟ್ಟುಕೊಳ್ಳಿ. ಮಧ್ಯಾಹ್ನ ಕಡಲ ಪಕ್ಕದ ಬಿಸಿಲಲ್ಲಿ ಗಾಡಿ ನಿಲ್ಲಿಸಿದಾಗ ಅದು 40 ಡಿಗ್ರಿ ಆಯ್ತು. ಡೀಸೆಲ್ ಡಿಗ್ರಿಗೆ ಸುಮಾರು 0.00083 ಭಾಗ ಹಿಗ್ಗುತ್ತೆ. 300 × 12 × 0.00083, ಅಂದ್ರೆ ಹೆಚ್ಚುಕಡಿಮೆ 3 ಲೀಟರ್. ಒಳಗೆ ಜಾಗ ಇಲ್ಲದಿದ್ದರೆ ಅದು ಹೊರಗೇ ಬರಬೇಕು.

ಕೆರೆ ತುಂಬಿದರೆ ಕೋಡಿ ಬೀಳುತ್ತೆ, ಊರಿಗೆ ಸಂತೋಷ. ಡೀಸೆಲ್ ಟ್ಯಾಂಕು ಕೋಡಿ ಬಿದ್ದರೆ ಅದು ಹರಿದು ಸೇರೋದು ಐದು ಹೊಳೆ ಕೂಡುವ ಪಂಚಗಂಗಾವಳಿಗೆ, ಅಲ್ಲಿಂದ ಕಡಲಿಗೆ. ಅದೇ ನೀರಿನ ಮೀನು, ಚಿಪ್ಪು ನಂಬಿ ಬದುಕುವ ಮನೆಗಳು ಇಲ್ಲಿವೆ. ಬಂಕಿನಲ್ಲಿ ಚೆಲ್ಲಿದರೂ ನೀರು ಹೊಯ್ದು ತೊಳೀಬೇಡಿ. ಕೆಂಪು ಬಕೆಟಿನ ಮರಳು ಹಾಕಿ ಹೀರಿಸಿ, ಸಿಬ್ಬಂದಿಗೆ ಹೇಳಿ.

5. ನೀಲಿ ಮುಚ್ಚಳ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ದೊಡ್ಡ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಇನ್ನೊಂದು ಸಣ್ಣ ಟ್ಯಾಂಕು ಇರುತ್ತೆ. ಅದಕ್ಕೆ ಹಾಕೋದು ಡಿಇಎಫ್, ಅಂದ್ರೆ ನೀರಿನಲ್ಲಿ 32.5% ಯೂರಿಯಾ ಇರುವ ದ್ರಾವಣ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ಅದು ಸಾರಜನಕ ಮತ್ತು ನೀರಾಗಿ ಒಡೆಯಲು ನೆರವಾಗುತ್ತೆ. ಇದನ್ನು ಡೀಸೆಲ್ ಟ್ಯಾಂಕಿಗೆ ಹಾಕಿದರೂ, ಡೀಸೆಲನ್ನು ಇದರ ಟ್ಯಾಂಕಿಗೆ ಹಾಕಿದರೂ ರಿಪೇರಿ ಖರ್ಚು ಭಾರೀ. ತಪ್ಪಿ ಹಾಕಿದ್ದು ಗೊತ್ತಾದರೆ ಕೀಲಿ ತಿರುಗಿಸಲೇಬೇಡಿ. ಗಾಡಿ ಸ್ಟಾರ್ಟ್ ಆಗದಿದ್ದರೆ ಟ್ಯಾಂಕು ಖಾಲಿ ಮಾಡಿಸಿ ತೊಳೆಸಿದರೆ ಸಾಕಾಗಬಹುದು.

ಮುಂದಿನ ಟ್ರಿಪ್ಪಿನಲ್ಲಿ ಬಂಕಿಗೆ ಬಂದಾಗ ನಮ್ಮಲ್ಲಿ ಒಬ್ಬರು ಮುಳ್ಳು ನೋಡಿ ಲೀಟರ್ ಲೆಕ್ಕ ಹೇಳಲಿ, ಒಬ್ಬರು ಒಲೆ-ಜನರೇಟರ್ ನೋಡಲಿ, ಒಬ್ಬರು ಹಿಂಭಾಗ ಕಾಯಲಿ. ಉಳಿದವರು ಚಾ ಕುಡಿದು ಬನ್ನಿ, ತೊಂದರೆ ಇಲ್ಲ.