ಮಣ್ಣು ಹಸಿಯಾಗಿದ್ದರೂ ಬೆಳೆ ಬಾಡುವುದೇಕೆ?

ನೀರು ಹಾಯಿಸಿ ಎರಡು ದಿನವಾಗಿದೆ, ಕಾಲಿಟ್ಟರೆ ಮಣ್ಣು ಇನ್ನೂ ಅಂಟುತ್ತದೆ. ಆದರೂ ಮಧ್ಯಾಹ್ನದ ಹೊತ್ತಿಗೆ ಮೆಣಸಿನ ಸಸಿಗಳು ಬಾಡಿ ನಿಲ್ಲುತ್ತವೆ, ಎಲೆಯಂಚು ಸುಟ್ಟಂತೆ ಒಣಗುತ್ತದೆ, ಬೋದಿನ ನೆತ್ತಿಯ ಮೇಲೆ ಬಿಳಿ ಪುಡಿ ಕಾಣುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ಸವಳು ಹೊಲಗಳಲ್ಲಿ ಇದು ಹೊಸ ನೋಟವೇನಲ್ಲ. ನೀರು ಸಾಲದೆಂದು ಮತ್ತೆ ಹಾಯಿಸುವವರೂ ರೋಗವೆಂದು ಔಷಧಿ ಹೊಡೆಯುವವರೂ ಇದ್ದಾರೆ. ಆದರೆ ಬೆಳೆಗೆ ನೀರು ಸಿಗುವುದು ಬೇರಿನ ಜೀವಕೋಶದ ಪೊರೆ ದಾಟಿದಾಗ ಮಾತ್ರ. ತೊಡಕಿರುವುದು ಅಲ್ಲಿಯೇ.

ಬೇರು ನೀರು ಹೀರುವ ಬಗೆ

ಜೀವಕೋಶದ ಪೊರೆ ನೀರನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಲವಣಗಳನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಸಕ್ಕರೆ, ಪೊಟ್ಯಾಷ್ ಮುಂತಾದವು ಕರಗಿರುವುದರಿಂದ ಕೋಶದೊಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿ. ಪೊರೆಯ ಮೂಲಕ ತೆಳು ದ್ರಾವಣದಿಂದ ಗಟ್ಟಿ ದ್ರಾವಣದ ಕಡೆಗೆ ನೀರು ಸಾಗುವುದೇ ಅಭಿಸರಣ. ಎಲೆಗಳಿಂದ ನೀರು ಆವಿಯಾಗುವಾಗ ಉಂಟಾಗುವ ಸೆಳೆತವೂ ಇದರ ಜೊತೆಗೂಡುತ್ತದೆ.

ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಈ ಹರಿವು ಕುಗ್ಗುತ್ತದೆ. ಮಿತಿ ಮೀರಿದರೆ ನೀರು ಬೇರಿನಿಂದಲೇ ಹೊರಬರುತ್ತದೆ. ಉಪ್ಪು ಬೆರೆಸಿಟ್ಟ ಮಾವಿನ ಹೋಳು ನೀರು ಬಿಡುವುದೂ ಹೀಗೆಯೇ. ಬುಡಕ್ಕೆ ತಾಗಿಸಿ ಯೂರಿಯಾ ಗುಡ್ಡೆ ಹಾಕಿದಾಗ ಸಸಿ ಸುಡುವುದಕ್ಕೂ ಇದು ಒಂದು ಕಾರಣ.

ಇನ್ನೊಂದು ಮಾತು ಗಮನದಲ್ಲಿರಲಿ. ಹೊಲ ಒಣಗುವಾಗ ನೀರು ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಮಣ್ಣಿನ ನೀರು ಅರ್ಧಕ್ಕಿಳಿದರೆ ಲವಣದ ಸಾಂದ್ರತೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಗೊಬ್ಬರ ಬೇರು ತಲುಪುವ ಬಗೆ

ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಕಣಗಳು ತಾವಾಗಿ ಹರಡುವುದು ವಿಸರಣ. ನೈಟ್ರೇಟ್ ರೂಪದ ಸಾರಜನಕ ನೀರಿನೊಂದಿಗೆ ಹರಿದು ಬರುತ್ತದೆ. ರಂಜಕ ಮತ್ತು ಪೊಟ್ಯಾಷ್ ಬಹುಪಾಲು ವಿಸರಣದಿಂದಲೇ ಬೇರು ಸೇರಬೇಕು. ಹೀಗೆ ರಂಜಕ ಚಲಿಸುವುದು ಕೆಲವೇ ಮಿಲಿಮೀಟರ್. ಆದ್ದರಿಂದ ರಂಜಕದ ಗೊಬ್ಬರವನ್ನು ಮೇಲೆ ಎರಚದೆ ಬಿತ್ತನೆ ಸಾಲಿನ ಪಕ್ಕಕ್ಕೆ, ಬೀಜಕ್ಕಿಂತ ಸುಮಾರು 5 ಸೆಂ.ಮೀ. ಕೆಳಗೆ ಬೀಳುವಂತೆ ಕೊಡಬೇಕು. ಬೀಜಕ್ಕೆ ಗೊಬ್ಬರ ತಾಗಬಾರದು. ಮಣ್ಣು ಒಣಗಿದರೆ ವಿಸರಣವೂ ನಿಧಾನವಾಗುತ್ತದೆ.

ಯಾವ ಬೆಳೆ ಎಷ್ಟು ತಾಳುತ್ತದೆ?

ಲವಣಾಂಶವನ್ನು ವಿದ್ಯುತ್ ವಾಹಕತೆ, ಅಂದರೆ ಇ.ಸಿ. ಮೂಲಕ ಅಳೆಯುತ್ತಾರೆ. ನೀರಿನಿಂದ ಪೂರ್ತಿ ನೆನೆಸಿದ ಮಣ್ಣಿನಿಂದ ಬಸಿದ ದ್ರಾವಣದ ಇ.ಸಿ. ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದು ಸವಳು ಮಣ್ಣು. ಇಳುವರಿ ಇಳಿಯತೊಡಗುವ ಮಟ್ಟ ಈರುಳ್ಳಿಗೆ ಸುಮಾರು 1.2, ಮೆಣಸಿಗೆ 1.5, ಕಬ್ಬು ಮತ್ತು ಮೆಕ್ಕೆಜೋಳಕ್ಕೆ 1.7, ಭತ್ತಕ್ಕೆ 3, ಜೋಳಕ್ಕೆ 6.8, ಹತ್ತಿಗೆ 7.7. ತಾಳುವ ಬೆಳೆಗಳೂ ಮೊಳಕೆಯ ಹಂತದಲ್ಲಿ ನಾಜೂಕು.

ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ಆ ಸಂಖ್ಯೆ ಕಡಿಮೆ ಇರುತ್ತದೆ. ಅದನ್ನು ಮೇಲಿನ ಮಟ್ಟಗಳೊಂದಿಗೆ ನೇರವಾಗಿ ಹೋಲಿಸಬೇಡಿ. ವಿಧಾನ ಯಾವುದೆಂದು ಕೇಳಿ ತಿಳಿಯಿರಿ.

ರೈತರು ಮಾಡಬೇಕಾದದ್ದು

• ಸವಳು ಹೊಲದಲ್ಲಿ ಮಣ್ಣು ಪೂರ್ತಿ ಒಣಗಲು ಬಿಡದೆ, ತೆಳುವಾಗಿ ಬೇಗ ಬೇಗ ನೀರು ಕೊಡಿ.
• ಲವಣ ಬೋದಿನ ನೆತ್ತಿಗೆ ಏರಿ ನಿಲ್ಲುತ್ತದೆ. ಬೀಜ, ಸಸಿಗಳನ್ನು ಬೋದಿನ ಇಳಿಜಾರಿನಲ್ಲಿ ಹಾಕಿ.
• ಮೇಲುಗೊಬ್ಬರವನ್ನು ಕಂತುಗಳಲ್ಲಿ, ಬುಡದಿಂದ ದೂರ, ಹದವಿರುವಾಗ ಕೊಡಿ.
• ಲವಣ ತೊಳೆಯಲು ಒಳ್ಳೆಯ ನೀರು ನಿಲ್ಲಿಸುವ ಮೊದಲು ಬಸಿಗಾಲುವೆ ಸರಿಪಡಿಸಿ. ಬಸಿಯಲು ದಾರಿ ಇಲ್ಲದಿದ್ದರೆ ಅಂತರ್ಜಲ ಮೇಲೇರಿ, ಅದರೊಂದಿಗೆ ಲವಣವೂ ಮರಳಿ ಬರುತ್ತದೆ.
• ಜಿಪ್ಸಮ್ ಬೇಕಾಗುವುದು ಸೋಡಿಯಂ ಹೆಚ್ಚಿರುವ ಕ್ಷಾರ ಮಣ್ಣಿಗೆ. ಬರೀ ಸವಳಿಗೆ ಅದನ್ನು ಹಾಕಿ ದುಡ್ಡು ಕಳೆಯಬೇಡಿ.

ಮಣ್ಣಿನ ಜೊತೆಗೆ ಕೊಳವೆಬಾವಿಯ ನೀರನ್ನೂ ಪರೀಕ್ಷೆಗೆ ಕೊಡಿ. ನೀರೇ ಉಪ್ಪಾಗಿದ್ದರೆ ಪ್ರತಿ ಸಲ ಹಾಯಿಸಿದಾಗಲೂ ಹೊಲಕ್ಕೆ ಲವಣ ಸೇರುತ್ತಲೇ ಇರುತ್ತದೆ. ಹೆಚ್ಚಿನ ಸಲಹೆಗೆ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಕಾಣಬಹುದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಮಣ್ಣಿನ ಸುಧಾರಣೆ ಕುರಿತೇ ಸಂಶೋಧನೆ ನಡೆಯುತ್ತದೆ.